ಈ ತಿಂಗಳ ಮಾತು

ಫ್ಲೆಕ್ಸಿನ ಒಂದು ಮೂಲೆ ಕಟ್ಟುವಷ್ಟರಲ್ಲಿ ಇನ್ನೊಂದು ಮೂಲೆ ಬಿಚ್ಚಿಕೊಂಡು ಪಟಪಟ ಹೊಡೆದುಕೊಳ್ಳುತ್ತಿತ್ತು. ಭರಮಸಾಗರದ ಕೆರೆ ಕಡೆಯಿಂದ ಬೀಸುವ ಬೆಳಗಿನ ಗಾಳಿ ಜೋರಾಗಿಯೇ ಇತ್ತು. ಕಾಲೇಜಿನ ಜವಾನ ಏಣಿ ಹತ್ತಿ ಲೈಟು ಕಂಬಕ್ಕೆ ಹಗ್ಗ ಬಿಗಿಯುತ್ತಿದ್ದ. ಆಫೀಸಿನ ಗುಮಾಸ್ತೆ ಮಂಗಳಾ ಕೆಳಗಿನ ತುದಿಯನ್ನು ಎರಡೂ ಕೈಯಲ್ಲಿ ಎಳೆದು ಹಿಡಿದಿದ್ದಳು.

ಫ್ಲೆಕ್ಸಿನಲ್ಲಿ ಪ್ರಿನ್ಸಿಪಾಲ್ ಏಕನಾಥಮ್ಮ ನಗುತ್ತಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ ಕಾಲೇಜಿನ ಹೆಸರು: ಗುರುಸಿದ್ದಮ್ಮ ಸ್ಮಾರಕ ಮಹಿಳಾ ಕಾಲೇಜು, ಚಿತ್ರದುರ್ಗ. ಫೋಟೊ ಯಾವತ್ತಿನದೆಂದು ಮಂಗಳಾಗೆ ನೋಡಿದೊಡನೆ ತಿಳಿಯಿತು. ಹಾಸ್ಟೆಲಿನಲ್ಲಿ ಶುದ್ಧ ನೀರಿನ ಘಟಕ ಉದ್ಘಾಟನೆಯಾದ ದಿನದ್ದು. ಪಕ್ಕದವರನ್ನೆಲ್ಲ ಕತ್ತರಿಸಿ ತೆಗೆದಿದ್ದರೂ ಎಡತುದಿಯಲ್ಲಿ ನೀರಿನ ಲೋಟ ಹಿಡಿದ ಗಂಡಸಿನ ಕೈಯೊಂದು ಉಳಿದುಬಿಟ್ಟಿತ್ತು. ಬೆರಳಲ್ಲಿ ಹವಳದ ಉಂಗುರ.

ಆ ಉಂಗುರದವರು ಅಷ್ಟು ಹೊತ್ತಿಗೆ ಕಾರಿನಿಂದ ಇಳಿದರು. ಆಡಳಿತ ಮಂಡಳಿಯ ಕಾರ್ಯದರ್ಶಿ ನಿರಂಜನ್. ನೇರ ಶಾಮಿಯಾನದೊಳಗೆ ಹೋಗಿ, ಕುರ್ಚಿಯಲ್ಲಿ ಕೂರಿಸಿದ್ದ ಏಕನಾಥಮ್ಮನ ದೇಹಕ್ಕೆ ಹಾರ ಹಾಕಿ, ಕಣ್ಣು ಮುಚ್ಚಿ ನಿಂತು, ಫೋಟೊ ಆಯಿತೆಂದು ಖಾತ್ರಿಯಾದ ಮೇಲೆ ಕಣ್ಣು ಬಿಟ್ಟು ಮಂಗಳಾಳನ್ನು ಹುಡುಕಿದರು.

“ಮಂಗಳಾ, ಪೋಷಕರಿಗೆ ಈ ತಿಂಗಳ ಪತ್ರ ಇನ್ನೂ ಹೋಗಿಲ್ಲ ಅಲ್ವಾ?”

“ಇಲ್ಲ ಸರ್. ಮೇಡಂ ಆಸ್ಪತ್ರೇಲಿದ್ರಲ್ಲ.”

“ಇವತ್ತು ಹೋಗ್ಲಿ. ಹೆಣ ಎತ್ತೋದ್ರೊಳಗೆ. ಅವರ ಸೇವೆ ಎಲ್ಲ ಬರಬೇಕು, ಹಳ್ಳಿ ದತ್ತು, ಆರೋಗ್ಯ ಶಿಬಿರ, ಹೆಣ್ಮಕ್ಕಳ ಬಸ್ಸು. ಕೊನೇಲಿ ಒಂದು ಘೋಷಣೆ. ಹಾಸ್ಟೆಲಿನ ನೀರಿನ ಘಟಕಕ್ಕೆ ಇನ್ಮೇಲೆ ಏಕನಾಥಮ್ಮನವರ ಹೆಸರು ಅಂತ.”

ಮಂಗಳಾ ಅವರ ಮುಖ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಒಳ್ಳೆಯದೊಂದು ಹೊಳೆದ ತೃಪ್ತಿ ಮಾತ್ರ ಇತ್ತು.

“ನೀರಿನ ಘಟಕಕ್ಕಾ ಸರ್?”

“ಯಾಕೆ, ಅವರ ಕಾಲದಲ್ಲೇ ಆಗಿದ್ದಲ್ವಾ?” ಎಂದು ಅವರು ಮುಂದಿನವರಿಗೆ ಕೈಮುಗಿಯಲು ತಿರುಗಿದರು.

ಶಾಮಿಯಾನದೊಳಗಿಂದ ಏಕನಾಥಮ್ಮನ ತಂಗಿ ಬಸಮ್ಮ ಕೂಗಿದಳು. “ಮಂಗಳವ್ವ, ಆ ಕನ್ನಡಕ ತಂದು ಹಾಕವ್ವ. ಅದಿಲ್ದೆ ನಮ್ಮಕ್ಕನಂಗೇ ಕಾಣ್ತಿಲ್ಲ. ಯಾರೋ ಬ್ಯಾರೇರು ಕುಂತಂಗೈತೆ.”

ಮಂಗಳಾ ಕನ್ನಡಕ ಹಾಕಿದಳು. ಹತ್ತು ತಿಂಗಳ ಕಾಯಿಲೆಯಲ್ಲಿ ಮುಖ ಇಳಿದುಹೋಗಿ ಅದು ಮೂಗಿನ ಮೇಲೆ ನಿಲ್ಲುತ್ತಿರಲಿಲ್ಲ. ಬಸಮ್ಮ ಕಿವಿಯ ಹಿಂದೆ ಹತ್ತಿ ತುರುಕಿ ನಿಲ್ಲಿಸಿದಳು.

ಹಳೆಯ ವಿದ್ಯಾರ್ಥಿನಿಯರು ಗುಂಪುಗುಂಪಾಗಿ ಬರುತ್ತಿದ್ದರು. ಹಿರಿಯೂರಿನಿಂದ ಬಂದ ಒಬ್ಬಳು, ಈಗ ಸರ್ಕಾರಿ ಶಾಲೆಯ ಟೀಚರು, ಪಕ್ಕದವಳಿಗೆ ಹೇಳುತ್ತಿದ್ದಳು. “ನನ್ನ ಮದ್ವೆ ನಿಲ್ಸಿದ್ದು ಇವ್ರೇ ಕಣೇ. ಲಗ್ನಪತ್ರಿಕೆ ಅಚ್ಚಾಗಿತ್ತು. ನಮ್ಮನೆ ಕಟ್ಟೆ ಮೇಲೆ ಬಂದು ಕುಂತೋರು, ನಮ್ಮಪ್ಪ ಹ್ಞೂಂ ಅನ್ನೋ ತನಕ ಎದ್ದಿಲ್ಲ. ಒಂದು ಲೋಟ ಕಾಫಿ ಕೊಟ್ರೂ ಮುಟ್ಟಿಲ್ಲ.”

ಮಂಗಳಾ ಗೋಡೆಯ ಬದಿಗೆ ಹೋಗಿ ಫೋನು ತೆಗೆದಳು. ‘ಪ್ರಿಯ ಪೋಷಕರೇ’ ಎಂದು ಬೆರಳು ತಾನಾಗಿ ಶುರುಮಾಡಿತು. ಹದಿನಾಲ್ಕು ವರ್ಷದ ರೂಢಿ. ಕಾಲು ಗಂಟೆಯಲ್ಲಿ ಪತ್ರ ಮುಗಿಯಿತು. ಕೊನೆಯ ವಾಕ್ಯದ ಹತ್ತಿರ ಒಂದು ಕ್ಷಣ ನಿಂತಳು. ನಿರಂಜನ್ ದೂರದಿಂದಲೇ ‘ಆಯಿತಾ’ ಎಂದು ಹುಬ್ಬು ಹಾರಿಸಿದರು. ಘಟಕದ ಸುದ್ದಿಯನ್ನೂ ಸೇರಿಸಿ ಪೋಷಕರ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟಳು. ತಮಟೆಯವರು ಬರುವುದರೊಳಗೆ ಪತ್ರಕ್ಕೆ ನೂರಾರು ಮುಗಿದ ಕೈಗಳು ಬಂದು ಬಿದ್ದಿದ್ದವು.

*

ಏಕನಾಥಮ್ಮನ ಅಪ್ಪ ಇದೇ ಕೆರೆಯ ಏರಿಯ ಮೇಲೆ ಕುರಿ ಕಾಯುತ್ತಿದ್ದವನು. ಮಗಳು ದುರ್ಗಕ್ಕೆ ಬಸ್ಸಿನಲ್ಲಿ ಓಡಾಡಿ ಓದಿದಳು. ಕೂರಲು ಸೀಟು ಸಿಕ್ಕಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು ಎಂದು ಏಕನಾಥಮ್ಮ ಹೇಳುತ್ತಿದ್ದರು. ಎಂ.ಎ. ಮುಗಿಸಿ ಅದೇ ಊರಿನ ಈ ಕಾಲೇಜಿಗೆ ಸೇರಿ, ಮದುವೆಯ ಮಾತು ಬಂದಾಗಲೆಲ್ಲ ತಂಗಿಯದಾಗಲಿ, ತಮ್ಮನದಾಗಲಿ ಎಂದು ಮುಂದೆ ಹಾಕಿ, ಕೊನೆಗೆ ಆ ಮಾತನ್ನು ಯಾರೂ ಎತ್ತದ ವಯಸ್ಸಿಗೆ ಬಂದು ಪ್ರಿನ್ಸಿಪಾಲರಾದರು.

ಆದ ವರ್ಷವೇ ಪತ್ರ ಶುರುವಾಯಿತು. ಹಳ್ಳಿಯ ತಂದೆತಾಯಿಗಳು ಮಗಳನ್ನು ಕಳಿಸಿ ಏನಾಗುತ್ತಿದೆಯೋ ಎಂದು ಹೆದರಿಕೊಂಡಿರುತ್ತಾರೆ, ಅವರಿಗೆ ತಿಳಿಯಬೇಕು ಎಂಬುದು ಅವರ ಲೆಕ್ಕ. ಮೊದಮೊದಲು ಝೆರಾಕ್ಸ್ ಮಾಡಿಸಿ ಹುಡುಗಿಯರ ಕೈಯಲ್ಲೇ ಕಳಿಸುತ್ತಿದ್ದರು. ಆಮೇಲೆ ವಾಟ್ಸಾಪ್ ಬಂತು. ಮೇಲೆ ‘ಈ ತಿಂಗಳ ಮಾತು’ ಎಂದು ತಲೆಬರಹ. ‘ನಮ್ಮ ಹುಡುಗಿಯರು ಈ ಸಲ ಸಿರಿಗೆರೆಯಲ್ಲಿ ನಡೆದ ಕಬಡ್ಡಿಯಲ್ಲಿ ಸೋತರು, ಆದರೆ ಯಾರೂ ಅಳಲಿಲ್ಲ.’ ‘ಅಂಗಳದ ಹೊಂಗೆ ಗಿಡಗಳಲ್ಲಿ ಆರು ಒಣಗಿವೆ, ನೀರು ಹಾಕುವ ಪಾಳಿ ತಪ್ಪಿಸಿದವರು ಯಾರೆಂದು ನನಗೆ ಗೊತ್ತು.’ ‘ಸಂಜೆ ಐದರ ಬಸ್ಸು ಇನ್ನು ಮುಂದೆ ಕಾಲೇಜಿನ ಮುಂದೆಯೇ ನಿಲ್ಲುತ್ತದೆ. ಡಿಪೊಗೆ ಹನ್ನೊಂದು ಸಲ ಹೋಗಿದ್ದೆ.’ ಪತ್ರ ಓದುವುದಕ್ಕೆಂದೇ ಕೆಲವು ಅಪ್ಪಂದಿರು ಮಗಳ ಮುಂದೆ ಕೂತು ಅಕ್ಷರ ಕಲಿತರು ಎಂಬ ಮಾತಿತ್ತು. ನಿಜವೋ ಸುಳ್ಳೋ, ಏಕನಾಥಮ್ಮ ಅದನ್ನು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದರು. ತಮ್ಮ ಪತ್ರದ ಬಗ್ಗೆ ಅವರಿಗೆ ಸ್ವಲ್ಪ ಜಂಬವಿತ್ತು.

ಹಿರೇಗುಂಟನೂರಿನಾಚೆಯ ಒಂದು ಹಟ್ಟಿಯನ್ನು ಕಾಲೇಜು ದತ್ತು ತೆಗೆದುಕೊಂಡಾಗ ಎನ್ನೆಸ್ಸೆಸ್ ಕ್ಯಾಂಪಿಗೆ ಅವರೇ ಹೋದರು. ಚರಂಡಿ ತೋಡಿಸಿದರು, ಗೋಡೆಗಳ ಮೇಲೆ ಬರೆಸಿದರು. ಮನೆಮನೆಗೆ ಹೋದಾಗ ಅಲ್ಲಿನ ಒಂದು ಮನೆಯಲ್ಲಿ ಪಿಯುಸಿ ಮುಗಿಸಿ ಕೂತಿದ್ದ ಹುಡುಗಿ ಸಿಕ್ಕಿದಳು. ಶಾಲಿನಿ. ಅಪ್ಪ ರಾಮಾಂಜನೇಯ ಒಪ್ಪಲಿಲ್ಲ. ಅವ್ವ ಹುಚ್ಚಕ್ಕ ಬಾಗಿಲ ಹಿಂದೆ ನಿಂತು, ಗಂಡನಿಗೆ ಕಾಣದಂತೆ ಏಕನಾಥಮ್ಮನ ಕಡೆ ನೋಡಿ ‘ಬಿಡಬ್ಯಾಡ್ರಿ’ ಎಂದು ತಲೆಯಾಡಿಸಿದಳು. ಏಕನಾಥಮ್ಮ ಬಿಡಲಿಲ್ಲ. ಮುಂದಿನ ಪತ್ರದಲ್ಲಿ ಬಂತು: ‘ದತ್ತು ಗ್ರಾಮದಿಂದ ಮೊದಲ ಹುಡುಗಿ ನಮ್ಮ ಹಾಸ್ಟೆಲಿಗೆ ಬಂದಿದ್ದಾಳೆ. ಆಕೆಯ ತಂದೆಗೆ ನಾನು ಮಾತು ಕೊಟ್ಟಿದ್ದೇನೆ.’

*

ಮಧ್ಯಾಹ್ನ ಎರಡಕ್ಕೆ ಮಣ್ಣಾಯಿತು. ನಿರಂಜನ್ ಗುಂಡಿಯ ಬದಿಯಲ್ಲೇ ನಿಂತು ನಾಲ್ಕು ಮಾತಾಡಿದರು. ‘ಪಾರದರ್ಶಕತೆ’ ಎಂಬ ಶಬ್ದವನ್ನು ಎರಡು ಸಲ ಬಳಸಿದರು. ಆಮೇಲೆ ಒಬ್ಬೊಬ್ಬರಾಗಿ ಮೂರು ಹಿಡಿ ಮಣ್ಣು ಹಾಕಿ ಸರಿದರು.

ಎಲ್ಲರ ಕೊನೆಯಲ್ಲಿ, ಹೆಗಲ ಮೇಲೆ ಬ್ಯಾಗು ನೇತುಹಾಕಿಕೊಂಡು, ಏದುಸಿರು ಬಿಡುತ್ತ ಒಬ್ಬ ಹೆಂಗಸು ಬಂದಳು. ಮಂಗಳಾ ಒಂದೇ ನೋಟಕ್ಕೆ ಗುರುತಿಸಿದಳು. ಹುಚ್ಚಕ್ಕ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುಂಡಿಯ ಬಳಿ ಬಗ್ಗಿ, ಮಣ್ಣು ಹಾಕಿ, ಹಾಕಿದ ಕೈಯನ್ನೇ ಎದೆಗೆ ಒತ್ತಿಕೊಂಡು ನಿಂತಳು.

ಹತ್ತು ದಿನದ ಹಿಂದೆ ಆಸ್ಪತ್ರೆಯ ಮಂಚದ ಮೇಲಿಂದ ಏಕನಾಥಮ್ಮ ಮಂಗಳಾಳ ಮಣಿಕಟ್ಟು ಹಿಡಿದು ಹೇಳಿದ್ದರು. “ಹುಚ್ಚಕ್ಕನ್ನ ಒಂದ್ಸಲ ಕರ್ಕೊಂಡು ಬಾ. ನಾನೇ ಹೇಳಬೇಕು. ನೀನೂ ಇರು.” ಭಾನುವಾರ ಹೋಗುತ್ತೇನೆ ಎಂದಿದ್ದಳು ಮಂಗಳಾ. ಭಾನುವಾರ ಬಟ್ಟೆ ಒಗೆದಳು, ಮಗಳ ತಲೆ ಬಾಚಿದಳು, ಮಧ್ಯಾಹ್ನ ಮಲಗಿದಳು. ಹೋಗದೇ ಇರುವುದಕ್ಕೆ ಬೇರೆ ಕಾರಣವೇ ಇರಲಿಲ್ಲ. ಮಂಗಳವಾರದ ಹೊತ್ತಿಗೆ ಮೇಡಮ್ಮಿಗೆ ಮಾತು ನಿಂತಿತ್ತು.

ಜನ ಕರಗಿದ ಮೇಲೆ ಹುಚ್ಚಕ್ಕ ಹುಣಸೆಮರದ ಬುಡದಲ್ಲಿ ಕೂತಳು. ಮಂಗಳಾ ಹತ್ತಿರ ಹೋದಳು.

“ಬರ್ರಿ ಮೇಡಂ, ಕುಂತ್ಕಳ್ರಿ. ನೀವು ಆಫೀಸಿನೋರಲ್ವಾ? ನಮ್ಮ ಶಾಲಿನಿ ನಿಮ್ಮ ಹೆಸರು ಹೇಳಾಳು.”

“ನಿಮಗೆ ಯಾರು ಹೇಳಿದ್ರು, ಮೇಡಂ ಹೋಗಿದ್ದು?”

“ನಮ್ಮೂರಿನೋರು ಫೋನ್ನಾಗೆ ನೋಡಿ ಅಂದ್ರು. ಎರಡು ಬಸ್ಸು ಬದಲಿ ಮಾಡಿ ಬಂದೆ. ಬರದೆ ಇದ್ರೆ ನನಗೆ ಸಮಾಧಾನ ಇರ್ತಿರ್ಲಿಲ್ಲ.” ಹುಚ್ಚಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ವರ್ಷಕ್ಕೊಂದ್ಸಲ ಬರಾರು ನೋಡ್ರಿ, ನನ್ ಮಗಳು ಸತ್ತ ದಿನ. ಕಟ್ಟೆ ಮೇಲೆ ಕುಂತು ಹೋಗಾರು. ಜಾಸ್ತಿ ಮಾತಿಲ್ಲ. ಆರು ವರ್ಷ ತಪ್ಪಿಸಿಲ್ಲ.”

“ಗೊತ್ತು.”

“ಎಂಥಾ ದೊಡ್ಡ ಮನಸು ಅಂತೀನಿ. ಊರೆಲ್ಲ ನನ್ನ ಮುಖಕ್ಕೇ ಅಂದೈತೆ, ಹಬ್ಬಕ್ಕೆ ಬಂದ ಮಗಳಿಗೆ ಹಳ್ಳದ ನೀರು ಕುಡಿಸಿ ಕೊಂದ್ಲು ಅಂತ. ನಮ್ಮತ್ತೆ ಸಾಯೋ ತನಕ ಅಂದ್ಲು. ಕಾಲೇಜಿನ ಪತ್ರದಾಗೂ ಹಂಗೇ ಬಂತಲ್ಲ. ಆದ್ರೆ ಆ ತಾಯಿ ಒಂದಿನ, ಒಂದೇ ಒಂದಿನ, ನಿನ್ನ ನೀರಿನಿಂದ ಹಿಂಗಾತು ಅಂತ ನನಗೆ ಅಂದಿಲ್ಲ. ತಪ್ಪು ನಂದು ಅಂತ ಗೊತ್ತಿದ್ರೂ ಅಂದಿಲ್ಲ.”

ಗುಂಡಿಯ ಹತ್ತಿರ ಗುದ್ದಲಿಯವರು ಕೊನೆಯ ಮಣ್ಣನ್ನು ತಟ್ಟಿ ಸಮ ಮಾಡುತ್ತಿದ್ದರು.

*

ನೀರಿನ ಘಟಕ ಉದ್ಘಾಟನೆಯಾಗಿ ಎಂಟನೇ ತಿಂಗಳಿಗೆ ಕೆಟ್ಟಿತ್ತು. ಏಕನಾಥಮ್ಮ ಮಂಡಳಿಗೆ ಮೂರು ಪತ್ರ ಬರೆದರು. ಆ ಪತ್ರಗಳನ್ನೂ ಟೈಪು ಮಾಡಿದವಳು ಮಂಗಳಾಳೇ. ಮುಂದಿನ ಸಭೆಯಲ್ಲಿ ನೋಡೋಣ ಎಂದು ಉತ್ತರ ಬಂತು. ಹಾಸ್ಟೆಲಿನವರು ಮತ್ತೆ ಹಳೆಯ ತೊಟ್ಟಿಯ ನೀರನ್ನೇ ಕುಡಿಯತೊಡಗಿದರು. ತೊಟ್ಟಿಗೆ ಬರುವ ಪೈಪು ಬಚ್ಚಲ ಮೋರಿಯ ಪಕ್ಕದಲ್ಲೇ ಒಡೆದಿತ್ತು. ಇಷ್ಟಾದರೂ ತಿಂಗಳ ಪತ್ರದಲ್ಲಿ ಘಟಕದ ಮುಂದೆ ಸಾಲಾಗಿ ನಿಂತ ಹುಡುಗಿಯರ ಫೋಟೊ ಇನ್ನೊಮ್ಮೆ ಬಂತು, ಯಾರೋ ದಾನಿಗಳು ಕೇಳಿದರೆಂದು.

ಹದಿನಾಲ್ಕು ಹುಡುಗಿಯರಿಗೆ ಕಾಮಾಲೆಯಾಯಿತು. ಹದಿಮೂರು ಮಂದಿಯನ್ನು ಮನೆಗೆ ಕಳಿಸಿದರು. ಪತ್ರದಲ್ಲಿ ಅದು ‘ಅಧ್ಯಯನ ರಜೆ’ ಎಂದಾಯಿತು. ಶಾಲಿನಿ ಪರೀಕ್ಷೆ ಇದೆಯೆಂದು, ಕಾಯಿಲೆಯನ್ನು ಯಾರಿಗೂ ಹೇಳದೆ, ಜ್ವರದಲ್ಲೇ ಓದುತ್ತಿದ್ದಳು. ದಾವಣಗೆರೆಗೆ ಸಾಗಿಸುವ ದಾರಿಯಲ್ಲಿ ತೀರಿಕೊಂಡಳು. ಅವಳ ತಲೆ ಏಕನಾಥಮ್ಮನ ತೊಡೆಯ ಮೇಲೆಯೇ ಇತ್ತು.

ಮಾರನೆಯ ದಿನ ಅವರು ತಮ್ಮ ಕೈಯಾರೆ ಬರೆದ ಹಾಳೆಯನ್ನು ಮಂಗಳಾಳ ಮೇಜಿನ ಮೇಲಿಟ್ಟರು. ‘ನಮ್ಮ ಹಾಸ್ಟೆಲಿನ ನೀರು ಕುಡಿದು ನಮ್ಮ ಹುಡುಗಿ ಸತ್ತಿದ್ದಾಳೆ. ಯಂತ್ರ ಕೆಟ್ಟು ನಾಲ್ಕು ತಿಂಗಳಾಗಿತ್ತು. ನನಗೆ ಗೊತ್ತಿತ್ತು.’ ಮಂಗಳಾ ಅದನ್ನು ಟೈಪು ಮಾಡಿ ಮುಗಿಸಿದ್ದಳು. ಆಗ ನಿರಂಜನ್ ಬಂದರು. ಬಾಗಿಲು ಮುಚ್ಚಿತು. ಒಳಗಿನಿಂದ ದನಿ ಏರಲಿಲ್ಲ. ಅರ್ಧ ಗಂಟೆಯ ಮೇಲೆ ಅವರು ಹೊರಗೆ ಬಂದು, ಹೋಗುತ್ತ ಹೋಗುತ್ತಲೇ “ಇಲ್ಲಿ ಆಗಿದ್ದಲ್ಲ ಅಂತ ಬರಬೇಕು, ಅಷ್ಟೇ. ಕಾಲೇಜು ಮುಚ್ಚಿದ್ರೆ ನಾನೂರು ಹುಡುಗೀರು ಮನೇಲಿ ಕೂರ್ತಾರೆ. ಮೇಡಮ್ಮಿಗೆ ಹೇಳಿದೀನಿ” ಎಂದರು.

ಏಕನಾಥಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. “ನನಗೆ ಬರೆಯೋಕೆ ಬರ್ತಿಲ್ಲ ಮಂಗಳಾ. ಏನೋ ಒಂದು ಹಾಕು.”

ಮಂಗಳಾಳ ಕೆಲಸ ಖಾಯಂ ಆಗಲು ಮೂರು ತಿಂಗಳು ಬಾಕಿಯಿತ್ತು. ಅವಳು ತುಂಬ ಯೋಚಿಸಲಿಲ್ಲ. ಹಳೆಯ ಮೂರು ವಾಕ್ಯಗಳನ್ನು ಅಳಿಸಿ ಬರೆದಳು: ‘ಹಬ್ಬಕ್ಕೆ ಸ್ವಗ್ರಾಮಕ್ಕೆ ತೆರಳಿದ್ದಾಗ ಅಲ್ಲಿನ ಅಶುದ್ಧ ನೀರು ಸೇವನೆಯಿಂದ ಕಾಮಾಲೆಗೆ ತುತ್ತಾದ ನಮ್ಮ ಪ್ರೀತಿಯ ವಿದ್ಯಾರ್ಥಿನಿ ಶಾಲಿನಿ...’ ಹಬ್ಬಕ್ಕೆ ಅವಳು ಊರಿಗೆ ಹೋಗಿದ್ದು ನಿಜವೇ ಆಗಿತ್ತು. ಅದರಿಂದಲೇ ವಾಕ್ಯ ಗಟ್ಟಿಯಾಗಿ ನಿಂತಿತು.

ಏಕನಾಥಮ್ಮ ಎರಡು ಸಲ ಓದಿದರು. ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತ, “ಚೆನ್ನಾಗಿ ಬರೀತೀಯ” ಎಂದರು. ಆ ಮಾತನ್ನು ಹೊಗಳಿಕೆಯೆಂದು ತಿಳಿಯುವಷ್ಟು ದಡ್ಡಿಯಾಗಿರಲಿಲ್ಲ ಮಂಗಳಾ. ಅಂದಿನಿಂದ ಮುಂದಿನ ಪತ್ರಗಳನ್ನೆಲ್ಲ ಬರೆದವಳು ಅವಳೇ. ಏಕನಾಥಮ್ಮ ಓದದೆ ಸಹಿ ಹಾಕುತ್ತಿದ್ದರು.

*

“ಹುಚ್ಚಕ್ಕ,” ಎಂದಳು ಮಂಗಳಾ. “ತಪ್ಪು ನಿಮ್ಮದಲ್ಲ. ಶಾಲಿನಿಗೆ ಕಾಮಾಲೆ ಬಂದಿದ್ದು ಹಾಸ್ಟೆಲ್ ನೀರಿನಿಂದ. ಇನ್ನೂ ಹದಿಮೂರು ಹುಡುಗೀರಿಗೆ ಬಂದಿತ್ತು. ಮೇಡಮ್ಮಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.”

ಹುಚ್ಚಕ್ಕ ಸಮ ಮಾಡಿದ ಮಣ್ಣಿನ ಕಡೆ ತಿರುಗಿದಳು.

“ಹೇಳಾಕೇ ಬರ್ತಿದ್ಲೇನು?”

“ಹ್ಞೂಂ. ಪ್ರತಿ ಸಲ ಹೇಳಬೇಕು ಅಂತ್ಲೇ ಹೋಗ್ತಿದ್ರು.”

“ಆರು ಸಲ ಬಂದ್ಲು.” ಹುಚ್ಚಕ್ಕ ಎದ್ದು ನಿಂತಳು. ಏಕವಚನಕ್ಕೆ ಇಳಿದದ್ದು ಅವಳಿಗೇ ಗೊತ್ತಾಗಿರಲಿಲ್ಲ. “ನೀನು ನನ್ ಜತೆ ಬಾ. ಈಗ್ಲೇ ಹೋಗಾಣ. ನನಗೆ ಹೇಳಿದ್ದನ್ನ ನಮ್ಮನೆಯೋನ ಮುಂದೆ ಹೇಳು.”

ದುರ್ಗದಲ್ಲಿ ಬಸ್ಸು ಬದಲಿಸಿದಾಗ ಫೋನು ರಿಂಗಾಯಿತು. ನಿರಂಜನ್. ಮಂಗಳಾ ಎತ್ತಲಿಲ್ಲ. ಎರಡನೇ ಬಸ್ಸಿನಲ್ಲಿ ಪಕ್ಕದ ಜಾಗ ಖಾಲಿಯಿದ್ದರೂ ಹುಚ್ಚಕ್ಕ ಒಂದು ಸೀಟು ಮುಂದೆ ಹೋಗಿ ಕೂತಳು. ಕಂಡಕ್ಟರು “ಇಬ್ರೂ ಒಂದೇನಾ?” ಎಂದಾಗ “ಅಲ್ಲ, ಬ್ಯಾರೆ ಬ್ಯಾರೆ” ಎಂದಳು. ಹಿರೇಗುಂಟನೂರಿನಲ್ಲಿ ಇಳಿದು ಇಬ್ಬರೂ ಹಿಂದುಮುಂದಾಗಿ ನಡೆದರು. ದಾರಿಯ ಎಡಕ್ಕೆ ಮೆಕ್ಕೆಜೋಳದ ಹೊಲ. ಹಟ್ಟಿಯ ಮೊದಲ ಗೋಡೆಯ ಮೇಲೆ ಕಾಲೇಜಿನ ಹುಡುಗಿಯರು ಬರೆದ ‘ಶುದ್ಧ ನೀರೇ ಆರೋಗ್ಯ’ ಅರ್ಧ ಅಳಿಸಿತ್ತು.

ರಾಮಾಂಜನೇಯ ಕಟ್ಟೆಯ ಮೇಲೆ, ಔಷಧಿ ಹೊಡೆಯುವ ಕ್ಯಾನಿನ ನಳಿಕೆ ಬಿಚ್ಚಿಕೊಂಡು ಕೂತಿದ್ದ. ಮಣ್ಣಿಗೆ ಹೋಗಿ ಬಂದವರು ಮೈತೊಳೆಯದೆ ಒಳಗೆ ಹೋಗುವಂತಿಲ್ಲವಾದ್ದರಿಂದ ಇಬ್ಬರೂ ಅಂಗಳದಲ್ಲೇ ನಿಂತರು.

“ಈಕೆ ಕಾಲೇಜಿನೋಳು. ಏನೋ ಹೇಳ್ತಾಳಂತೆ, ಕೇಳು,” ಎಂದಳು ಹುಚ್ಚಕ್ಕ.

ಮಂಗಳಾ ಹೇಳಿದಳು. ಯಂತ್ರ, ತೊಟ್ಟಿ, ಪೈಪು, ಹದಿಮೂರು ಹುಡುಗಿಯರು, ಮುಚ್ಚಿದ ಬಾಗಿಲು. ಕೊನೆಗೆ, “ಊರಿನ ನೀರು ಅಂತ ಬರೆದೋಳು ನಾನು. ಮೇಡಂ ಅಲ್ಲ. ಆ ಮಾತು ನಂದು” ಎಂದಳು. ಹೀಗೆ ಹೇಳಿದ ಮೇಲೆ ಏನಾದರೂ ಆಗಬೇಕೆಂದು ಅವಳು ಕಾದಳು. ಅವನು ಬೈಯಬಹುದು, ಕೈಯಲ್ಲಿದ್ದ ನಳಿಕೆಯಿಂದ ಹೊಡೆಯಬಹುದು ಎಂದುಕೊಂಡಿದ್ದಳು.

ರಾಮಾಂಜನೇಯ ನಳಿಕೆಯ ತೂತಿನಲ್ಲಿ ಕಡ್ಡಿ ಆಡಿಸಿ ಊದಿದ.

“ಕಾಲೇಜಿನ ಪತ್ರದಾಗೆ ಬಂದಿತ್ತಲ್ರಿ.”

“ಅದು ಸುಳ್ಳು.”

“ಅವರ ಸೈನ್ ಇತ್ತು. ನನ್ನತ್ರ ಈಗ್ಲೂ ಐತೆ.” ಅವನು ಜೇಬಿನಿಂದ ಫೋನು ತೆಗೆದ. “ಆ ಗುಂಪಿನಾಗೆ ನಾನು ಇನ್ನೂ ಅದೀನಿ. ಯಾರೂ ತೆಗ್ದಿಲ್ಲ, ನಾನೂ ಬಿಟ್ಟಿಲ್ಲ. ಇವತ್ತು ಬೆಳಿಗ್ಗೇನೂ ಬಂದೈತೆ.” ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಓದಿದ. “ವಿದ್ಯಾರ್ಥಿನಿಯರ ಆರೋಗ್ಯಕ್ಕಾಗಿ ಜೀವ ತೇಯ್ದ... ಏಕನಾಥಮ್ಮನವರ ಹೆಸರನ್ನು ಶುದ್ಧ ಕುಡಿಯುವ ನೀರಿನ ಘಟಕಕ್ಕೆ... ಇದೂ ಸುಳ್ಳಾ?”

ಮಂಗಳಾ ಹೌದೆಂದು ತಲೆಯಾಡಿಸಿದಳು.

“ಇದನ್ನ ಬರೆದೋರ್ಯಾರು?”

“ನಾನೇ.”

“ಬೆಳಿಗ್ಗೆ ಹಂಗೆ, ಸಂಜೀಕೆ ಹಿಂಗೆ.” ಅವನು ಫೋನನ್ನು ಜೇಬಿಗಿಟ್ಟುಕೊಂಡ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಇವ್ಳು ಅತ್ಲು, ನಿಮಗೆ ಕನಿಕರ ಬಂತು, ಅದಕ್ಕೆ ಬಂದಿದೀರಿ. ಒಳ್ಳೇದು. ಹೊತ್ತು ಮುಳುಗ್ತಾ ಐತೆ, ಕಡೇ ಬಸ್ಸಿಗೆ ಹೋಗಿ ಸೇರ್ಕಳ್ರಿ.”

“ಬರೆದು ಕೊಡ್ತೀನಿ ಬೇಕಾದ್ರೆ. ಗುಂಪಿಗೇ ಹಾಕ್ತೀನಿ.”

“ಹಾಕ್ರಿ. ನೋಡಾಣ.” ಅವನು ಎದ್ದು ಒಳಗೆ ಹೋದ.

ಮಂಗಳಾ ಫೋನು ಕೈಗೆ ತೆಗೆದುಕೊಂಡಳು. ನಿರಂಜನರ ನಾಲ್ಕು ಕರೆಗಳು ಪರದೆಯ ಮೇಲಿದ್ದವು. ‘ಪ್ರಿಯ ಪೋಷಕರೇ’ ಎಂದು ಹೊಡೆದಳು. ಮುಂದಿನ ಅಕ್ಷರಕ್ಕೆ ಬೆರಳು ಏಳಲಿಲ್ಲ. ಪಕ್ಕದಲ್ಲಿ ಹುಚ್ಚಕ್ಕ ಅವಳ ಫೋನಿನ ಕಡೆ ನೋಡುತ್ತಿರಲಿಲ್ಲ. ತೆರೆದ ಬಾಗಿಲೊಳಗೆ ಗಂಡನನ್ನು ನೋಡುತ್ತಿದ್ದಳು. ಮಂಗಳಾಳೂ ಅತ್ತ ನೋಡಿದಳು.

ಸಣ್ಣ ಪಡಸಾಲೆಯಲ್ಲಿ ಎರಡು ಕೊಡಗಳಿದ್ದವು, ಎದುರುಬದುರು ಗೋಡೆಗೆ. ಎರಡಕ್ಕೂ ಬೇರೆ ಬೇರೆ ತಟ್ಟೆ, ಬೇರೆ ಬೇರೆ ಲೋಟ. ರಾಮಾಂಜನೇಯ ಆಚೆ ಗೋಡೆಯ ಕೊಡದ ತಟ್ಟೆ ಸರಿಸಿ, ಒಂದು ಲೋಟ ಮೊಗೆದು, ನಿಂತೇ ಕುಡಿದ. ಲೋಟವನ್ನು ಬೋರಲು ಹಾಕಿ, ತಟ್ಟೆ ಮುಚ್ಚಿ, ಈಚೆ ಗೋಡೆಯ ಹುಚ್ಚಕ್ಕನ ಕೊಡ ಕಾಲಿಗೂ ತಾಗದಂತೆ ಬಳಸಿಕೊಂಡು ಹಿತ್ತಲಿಗೆ ಹೋದ.